ಕಂಪನಿ ಖರೀದಿಗೆ ಮೊಹರು ಒತ್ತೋರಿಗೆ: "ಇದು ನಿಮಗ್ಯಾಕೆ ಬೇಕು?" ಅಂತ ಒಂದ್ಸಲ ಕೇಳಿ

ಮಾನ್ಯರೇ,

ನೀವು ಯಾವ ದೇಶದ ಯಾವ ಆಫೀಸಲ್ಲಿ ಕೂತಿರ್ತೀರೋ ಗೊತ್ತಿಲ್ಲ, ಒಂದು ಕಡೆ ನಿಮ್ಮನ್ನ ಸ್ಪರ್ಧಾ ಆಯೋಗ ಅಂತಾರೆ, ಇನ್ನೊಂದು ಕಡೆ ಷೇರುಪೇಟೆ ನಿಯಂತ್ರಕರು ಅಂತಾರೆ, ಮತ್ತೊಂದು ಕಡೆ ಸೀದಾ ಸಚಿವಾಲಯಾನೇ ನೋಡುತ್ತೆ. ಒಟ್ನಲ್ಲಿ ಒಂದು ದೊಡ್ಡ ಕಂಪನಿನ ಇನ್ಯಾರೋ ಕೊಂಡ್ಕೋತೀನಿ ಅಂದಾಗ ಫೈಲು ಬಂದು ಬೀಳೋದು ನಿಮ್ಮ ಟೇಬಲ್ ಮೇಲೆ, ನೀವು ಮೊಹರು ಒತ್ತಿದ್ರೆ ಅಥವಾ ಸುಮ್ನೆ ಗಡುವು ಮುಗಿಯೋಕೆ ಬಿಟ್ರೆ ವ್ಯವಹಾರ ಮುಂದಕ್ಕೆ ಹೋಗುತ್ತೆ. ಅದಕ್ಕೇ ಈ ಪತ್ರ ನಿಮಗೆ. ಬಹಿರಂಗವಾಗಿ ಯಾಕೆ ಬರೀತಿದ್ದೀನಿ ಅಂದ್ರೆ, ಖಾಸಗಿಯಾಗಿ ಬರೆದ್ರೆ ಅದಕ್ಕೊಂದು ಸ್ವೀಕೃತಿ ನಂಬರ್ ಬರುತ್ತೆ ಅಷ್ಟೇ, ಅಲ್ಲಿಗೆ ಕಥೆ ಮುಗೀತು.

ವಿಷಯ ಇಷ್ಟು. ಒಬ್ಬ ಭಾರಿ ಸಾಹುಕಾರ, ಕಾರು ಮಾಡೋನೋ ರಾಕೆಟ್ ಹಾರಿಸೋನೋ ಸಾಫ್ಟ್‌ವೇರ್ ಮಾರೋನೋ ಯಾರೋ ಒಬ್ಬ, ಇದ್ದಕ್ಕಿದ್ದಂಗೆ ಸೋಶಿಯಲ್ ಮೀಡಿಯಾ ಕಂಪನಿ ಬೇಕು ಅಂತಾನೆ. ಎಷ್ಟು ಕೊಡ್ತೀಯ, ದುಡ್ಡು ಎಲ್ಲಿಂದ ತರ್ತೀಯ, ಇದೇ ಧಂದೆಯಲ್ಲಿ ನಿಂದು ಇನ್ನೊಂದು ಕಂಪನಿ ಇದ್ಯಾ, ಇವೆಲ್ಲ ನೀವು ಕೇಳ್ತೀರ. ಯಾಕೆ ಬೇಕು ಅಂತ ಮಾತ್ರ ಕೇಳಲ್ಲ. ನಿಮ್ಮ ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ.

ಎಲ್ರಿಗೂ ಗೊತ್ತಿರೋ ಉದಾಹರಣೆನೇ ತಗೊಳ್ಳೋಣ, ಎಲಾನ್ ಮಸ್ಕ್ ಮತ್ತು ಟ್ವಿಟರ್. ಹಳೇ ಕಥೆ ಅಂತ ಮೂಗು ಮುರೀಬೇಡಿ, ಅದರಲ್ಲಿ ನಿಮ್ಮ ಇಲಾಖೆಯ ತೂತುಗಳೆಲ್ಲ ಒಂದೇ ಕಡೆ ಕಾಣ್ತವೆ.

2017ರ ಡಿಸೆಂಬರ್‌ನಲ್ಲಿ ಮಸ್ಕ್ ಸಾಹೇಬ್ರು ನನಗೆ ಟ್ವಿಟರ್ ಅಂದ್ರೆ ಇಷ್ಟ ಅಂತ ಟ್ವೀಟ್ ಮಾಡಿದ್ರು, ಹಾಗಾದ್ರೆ ಕೊಂಡ್ಕೊಂಡುಬಿಡಿ ಅಂತ ಯಾರೋ ಅಂದ್ರು, ಎಷ್ಟಾಗುತ್ತೆ ಅಂತ ಇವ್ರು ಕೇಳಿದ್ರು. ತಮಾಷೆ. ಆಮೇಲೆ 2018ರ ಆಗಸ್ಟ್‌ನಲ್ಲಿ ಟೆಸ್ಲಾ ಕಂಪನಿನ ಷೇರುಪೇಟೆಯಿಂದ ಹೊರಗೆ ತರ್ತೀನಿ, ಷೇರಿಗೆ 420 ಡಾಲರ್, ದುಡ್ಡು ರೆಡಿ ಇದೆ ಅಂತ ಒಂದು ಟ್ವೀಟ್ ಬಿಟ್ರು. ದುಡ್ಡು ಹಾಗೆ ರೆಡಿ ಇರ್ಲಿಲ್ಲ ಅಂತ ಎಸ್‌ಇಸಿ, ಅಂದ್ರೆ ಅಮೆರಿಕದ ಷೇರುಪೇಟೆ ನಿಯಂತ್ರಕರು, ಕೇಸ್ ಹಾಕಿದ್ರು. ರಾಜಿ ಆಗಿ ಇವ್ರು 2 ಕೋಟಿ ಡಾಲರ್, ಕಂಪನಿ 2 ಕೋಟಿ ಡಾಲರ್ ದಂಡ ಕಟ್ಟಿದ್ದಾಯ್ತು, ಟೆಸ್ಲಾ ಚೇರ್ಮನ್ ಕುರ್ಚಿ ಬಿಡಬೇಕಾಯ್ತು, ಕಂಪನಿ ಬಗ್ಗೆ ಮುಖ್ಯವಾದ ಟ್ವೀಟ್ ಏನಾದ್ರೂ ಹಾಕೋ ಮುಂಚೆ ವಕೀಲರಿಗೆ ತೋರಿಸಬೇಕು ಅಂತ ಷರತ್ತೂ ಬಿತ್ತು. ಟ್ವೀಟ್ ಮಾಡಿದ್ದಕ್ಕೆ ಇಷ್ಟೆಲ್ಲ ಅನುಭವಿಸಿದ ಮನುಷ್ಯ ನಾಲ್ಕು ವರ್ಷ ಆದ್ಮೇಲೆ ಟ್ವಿಟರ್ ಕಂಪನಿಗೆ ಕೊಟ್ಟ ರೇಟು ಎಷ್ಟು ಗೊತ್ತಾ, ಷೇರಿಗೆ 54.20 ಡಾಲರ್. ಆ ನಂಬರ್ ಒಳಗೆ 420 ಕೂತಿದೆ ನೋಡಿ. 4,400 ಕೋಟಿ ಡಾಲರ್ ವ್ಯವಹಾರದ ರೇಟಲ್ಲೂ ಹಳೇ ಜೋಕು ತುರುಕೋ ಜನ ಇವ್ರು, ಇದನ್ನ ನೀವು ಬರೀ ಬ್ಯಾಲೆನ್ಸ್ ಶೀಟ್ ಇಟ್ಕೊಂಡು ಅರ್ಥ ಮಾಡ್ಕೊಳ್ಳೋಕೆ ಹೋದ್ರೆ ಹೇಗೆ.

ಖರೀದಿ ಶುರುವಾಗಿದ್ದು 2022ರ ಜನವರಿ ಕೊನೆಯಲ್ಲಿ, ಸದ್ದಿಲ್ದೆ. ಶೇಕಡ 5 ದಾಟಿದ್ಮೇಲೆ ಹತ್ತು ದಿನದೊಳಗೆ ಸಾರ್ವಜನಿಕರಿಗೆ ತಿಳಿಸಬೇಕು ಅನ್ನೋದು ಆಗಿನ ನಿಯಮ, ಅದರ ಪ್ರಕಾರ ಮಾರ್ಚ್ 24ಕ್ಕೆ ಹೇಳಬೇಕಿತ್ತು, ಹೇಳಿದ್ದು ಏಪ್ರಿಲ್ 4ಕ್ಕೆ, ಅಷ್ಟರಲ್ಲಿ ಶೇಕಡ 9 ದಾಟಿತ್ತು. ಆ ಹನ್ನೊಂದು ದಿನದಲ್ಲಿ ಏನೂ ಗೊತ್ತಿಲ್ದೆ ಅಗ್ಗಕ್ಕೆ ಷೇರು ಮಾರಿದೋರಿಗೆ ಕಮ್ಮಿ ಅಂದ್ರೂ 15 ಕೋಟಿ ಡಾಲರ್ ನಷ್ಟ ಆಗಿದೆ ಅನ್ನೋದು ಎಸ್‌ಇಸಿ ಆರೋಪ. ಅದರ ಮೇಲೆ ಕೇಸ್ ಹಾಕಿದ್ದು ಯಾವಾಗ? 2025ರ ಜನವರಿಯಲ್ಲಿ. ಕಂಪನಿ ಕೈ ಬದಲಾಗಿ, ಹೆಸರು ಬದಲಾಗಿ, ಪಕ್ಷಿ ಹೋಗಿ ಎಕ್ಸ್ ಬಂದು, ಒಂದು ಚುನಾವಣೆನೂ ಮುಗಿದ್ಮೇಲೆ. ನಿಮ್ಮೋರ ವೇಗದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲ್ಲ.

ಆಮೇಲೆ ಈ ವ್ಯವಹಾರ ಕೋರ್ಟ್ ಮೆಟ್ಟಿಲು ಹತ್ತಿದ್ರಿಂದ ನಮಗೆಲ್ಲ ಒಂದು ಉಪಕಾರ ಆಯ್ತು, ಇವ್ರ ಫೋನ್ ಮೆಸೇಜುಗಳು ಹೊರಗೆ ಬಂದ್ವು. ಪುರುಸೊತ್ತಿದ್ರೆ ಒಂದ್ಸಲ ಓದಿ. ಒರಾಕಲ್‌ನ ಲ್ಯಾರಿ ಎಲಿಸನ್ ಅವರನ್ನ ಮಸ್ಕ್ ಕೇಳ್ತಾರೆ, ಟ್ವಿಟರ್ ಡೀಲಲ್ಲಿ ಸೇರ್ಕೋತೀರಾ ಅಂತ. ಹೂಂ ಮತ್ತೆ ಅಂತಾರೆ ಆ ಮನುಷ್ಯ. ಅಂದಾಜು ಎಷ್ಟು ಹಾಕ್ತೀರ? ನೂರು ಕೋಟಿ ಡಾಲರ್, ಇಲ್ಲಾ ನೀವು ಹೇಳಿದಷ್ಟು. ನಿಮಗೆ ಅನುಕೂಲ ಆದಷ್ಟು, ನನ್ನ ಕೇಳಿದ್ರೆ ಇನ್ನೂರು ಅಥವಾ ಅದಕ್ಕಿಂತ ಜಾಸ್ತಿ ಅಂತೀನಿ. ಮುಗೀತು ಮಾತು. ನಾವು ಫ್ರೆಂಡ್ಸ್ ಸೇರಿ ಒಂದು ಗಿಫ್ಟ್ ಕೊಡಿಸೋಕೆ ಚಂದಾ ಎತ್ತಿದ್ರೂ ಇದಕ್ಕಿಂತ ಜಾಸ್ತಿ ಚೌಕಾಸಿ ನಡೆಯುತ್ತೆ ಸ್ವಾಮಿ. ಲಾಭ ಎಷ್ಟು ಬರಬಹುದು, ದುಡ್ಡು ಯಾವಾಗ ವಾಪಸ್, ಆ ನಾಲ್ಕು ಸಾಲಲ್ಲಿ ಒಂದು ಪದ ಇಲ್ಲ.

ಇನ್ನೊಂದು ಮೆಸೇಜ್ ಇದೆ, ಅದು ನನಗೆ ಇನ್ನೂ ಮುಖ್ಯ ಅನ್ಸುತ್ತೆ. ಟ್ವಿಟರ್ ಸಾಯ್ತಿದ್ಯಾ ಅಂತ ಮಸ್ಕ್ ಬಹಿರಂಗವಾಗಿ ಟ್ವೀಟ್ ಮಾಡ್ತಾರೆ, ಅವಾಗಿನ ಸಿಇಒ ಪರಾಗ್ ಅಗರ್ವಾಲ್, ನೀವು ಏನು ಬೇಕಾದ್ರೂ ಬರೀಬಹುದು ಆದ್ರೆ ಇದರಿಂದ ನನ್ನ ಕೆಲಸಕ್ಕೆ ಸಹಾಯ ಆಗ್ತಿಲ್ಲ ಅಂತ ಮರ್ಯಾದೆಯಾಗೇ ಮೆಸೇಜ್ ಹಾಕ್ತಾರೆ. ಅದಕ್ಕೆ ಉತ್ತರ, ಈ ವಾರ ನೀನು ಏನು ಕೆಲಸ ಮಾಡಿದೆ? ಅದರ ಹಿಂದೇನೆ, ನಾನು ಬೋರ್ಡ್ ಸೇರಲ್ಲ, ಇದು ಟೈಮ್ ವೇಸ್ಟ್, ಕಂಪನಿ ಕೊಳ್ಳೋಕೆ ಆಫರ್ ಕೊಡ್ತೀನಿ. ಅಂದ್ರೆ ನೋಡಿ, ಮೇಲಿನೋರು ಯಾರೋ ಸ್ವಲ್ಪ ಮೆತ್ತಗೆ ಬರಿ ಅಂದ್ರು, ಅದಕ್ಕೆ ಇವ್ರು ಮೇಲಿನೋರ ಕುರ್ಚಿನೇ ಕೊಂಡ್ಕೊಂಡ್ರು. ಇದೊಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಆದ್ರೆ ಸಿಟ್ಟು ಅನ್ನೋದನ್ನ ಪೂರ್ತಿ ಬಿಟ್ಟು ಬರೀ ತಂತ್ರ, ಮಾಸ್ಟರ್ ಪ್ಲಾನ್, ಹತ್ತು ವರ್ಷದ ಮುಂದಾಲೋಚನೆ ಅಂತ ವಿಡಿಯೋ ಮಾಡೋರನ್ನ ನೋಡಿದ್ರೆ ನಗು ಬರುತ್ತೆ.

ಯಾಕಂದ್ರೆ ಮಾಸ್ಟರ್ ಪ್ಲಾನ್ ಇದ್ದೋರು ಹೀಗೆ ಮಾಡಲ್ಲ. ಕಂಪನಿ ಒಳಗಿನ ಲೆಕ್ಕ ಪತ್ರ ಪರೀಕ್ಷೆ ಮಾಡೋ ಹಕ್ಕನ್ನೇ ಬಿಟ್ಟುಕೊಟ್ಟು ಏಪ್ರಿಲ್ 25ಕ್ಕೆ ಸಹಿ ಹಾಕಿದ್ರು. ಷೇರುಪೇಟೆ ಬಿದ್ದು ಟೆಸ್ಲಾ ಷೇರೂ ಕುಸೀತಾ ಬಂದಾಗ, ಮೇ ತಿಂಗಳಲ್ಲಿ, ನಕಲಿ ಅಕೌಂಟ್ ಎಷ್ಟಿವೆ ಅಂತ ಗೊತ್ತಾಗೋವರೆಗೂ ಡೀಲ್ ತಡೆಹಿಡಿದಿದ್ದೀನಿ ಅಂದ್ರು. ಜುಲೈನಲ್ಲಿ ಬೇಡ್ವೇ ಬೇಡ ಅಂದ್ರು. ಟ್ವಿಟರ್ ಕಂಪನಿಯೋರು ಅಮೆರಿಕದ ಡೆಲವೇರ್ ರಾಜ್ಯದ ಕೋರ್ಟಿಗೆ ಹೋಗಿ, ನಮ್ಮನ್ನ ಕೊಂಡ್ಕೊಳ್ಳಲೇಬೇಕು ಅಂತ ಕೂತ್ರು. ಅಕ್ಟೋಬರ್ 17ಕ್ಕೆ ವಿಚಾರಣೆ ನಿಗದಿ ಆಯ್ತು, ಅದಕ್ಕೆ ಎರಡು ವಾರ ಮುಂಚೆ ಆಯ್ತು ಮಾರಾಯ್ರೆ ಹೇಳಿದ ರೇಟಿಗೇ ತಗೋತೀನಿ ಅಂತ ಇವ್ರು ತಿರುಗಿ ಬಂದ್ರು, 26ಕ್ಕೆ ಕೈ ತೊಳೆಯೋ ಸಿಂಕ್ ಎತ್ಕೊಂಡು ಆಫೀಸ್ ಒಳಗೆ ನಡ್ಕೊಂಡು ಬಂದ ವಿಡಿಯೋ ಹಾಕಿದ್ರು, 27ಕ್ಕೆ ಕೈ ಬದಲಾಯ್ತು. ಬೇಕು ಅಂದ್ರು, ಬೇಡ ಅಂದ್ರು, ಕೋರ್ಟ್ ಹೆದರಿಕೆಗೆ ಮತ್ತೆ ಬೇಕು ಅಂದ್ರು. ಹೀಗೆ ಕೊಂಡೋರ ಹತ್ರ ಯಾಕೆ ಕೊಂಡ್ರಿ ಅಂತ ಕೇಳಿದ್ರೆ ಯಾವ ದಿನದ ಉತ್ತರ ನಂಬೋದು?

ದುಡ್ಡಿನ ಲೆಕ್ಕ ಬೇಗ ಮುಗಿಸ್ತೀನಿ, ಅದರಲ್ಲಿ ಜಾಸ್ತಿ ಸ್ವಾರಸ್ಯ ಇಲ್ಲ. 2021ರಲ್ಲಿ ಟ್ವಿಟರ್ ಆದಾಯ ಸುಮಾರು 508 ಕೋಟಿ ಡಾಲರ್, ಹತ್ತಿರ ಹತ್ತಿರ ಶೇಕಡ 90 ಜಾಹೀರಾತಿಂದ, ಆ ವರ್ಷ 22 ಕೋಟಿ ಡಾಲರ್ ನಷ್ಟ. ಇಂಥ ಕಂಪನಿ ತಲೆ ಮೇಲೆ ಖರೀದಿಗೆ ಅಂತ 1,300 ಕೋಟಿ ಡಾಲರ್ ಬ್ಯಾಂಕ್ ಸಾಲ ಹೇರಿದ್ರು, ಬಡ್ಡಿನೇ ವರ್ಷಕ್ಕೆ ನೂರು ಕೋಟಿ ಡಾಲರ್ ಆಸುಪಾಸು. ಜಾಹೀರಾತು ಆದಾಯ ಅರ್ಧಕ್ಕೆ ಇಳಿದಿದೆ ಅಂತ 2023ರ ಜುಲೈನಲ್ಲಿ ಅವರೇ ಹೇಳ್ಕೊಂಡ್ರು. ಅದೇ ವರ್ಷ ನವೆಂಬರ್‌ನಲ್ಲಿ, ಬಿಟ್ಟು ಹೋಗ್ತಿದ್ದ ಜಾಹೀರಾತುದಾರರಿಗೆ ಸ್ಟೇಜ್ ಮೇಲೆ ಕೂತು ಬೈದ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ. ಗಿರಾಕಿಗೆ ಬೈದು ಕಳಿಸೋನು ಅಂಗಡಿ ಇಟ್ಟಿರೋದು ವ್ಯಾಪಾರಕ್ಕಲ್ಲ, ಇದು ಮಕ್ಕಳಿಗೂ ಗೊತ್ತಾಗುತ್ತೆ. 2022ರ ಏಪ್ರಿಲ್ 14ರ ದಿನ, ಆಫರ್ ಹೊರಬಿದ್ದ ದಿನವೇ, ಟೆಡ್ ಅನ್ನೋ ಭಾಷಣದ ವೇದಿಕೆ ಮೇಲೆ ಅವರೂ ಅದನ್ನೇ ಹೇಳಿದ್ರು, ಇದು ದುಡ್ಡು ಮಾಡೋಕಲ್ಲ, ಹಣಕಾಸಿನ ಲೆಕ್ಕ ನನಗೆ ಬೇಕಾಗಿಲ್ಲ, ಎಲ್ರೂ ನಂಬೋ ಒಂದು ಮುಕ್ತ ವೇದಿಕೆ ನಾಗರಿಕತೆಯ ಭವಿಷ್ಯಕ್ಕೆ ಬೇಕು ಅಂತ. ಮೊದಲನೇ ಎರಡು ಮಾತು ನಾನು ನಂಬ್ತೀನಿ.

ಹಾಗಾದ್ರೆ ಕೊಂಡಿದ್ದು ಏನನ್ನ? ಹಿಂದೆ ರಾಜರು ಡಂಗುರ ಸಾರಿಸ್ತಿದ್ರಲ್ಲ, ಆ ತಮಟೆ ತಗೊಳ್ಳಿ. ತಮಟೆಗೆ ಏನು ಬೆಲೆ, ಒಂದು ತೊಗಲು ಒಂದು ಕಟ್ಟು. ಆದ್ರೆ ಊರಿಗೆಲ್ಲ ಇರೋದು ಒಂದೇ ತಮಟೆ, ಅದರ ಸದ್ದು ಕೇಳಿದ್ರೆ ಮಾತ್ರ ಜನ ಬಾಗಿಲಿಗೆ ಬರ್ತಾರೆ ಅಂದ್ರೆ ಅದರ ಬೆಲೆ ತೊಗಲಿನ ಬೆಲೆ ಅಲ್ಲ. ಟ್ವಿಟರ್ ಫೇಸ್‌ಬುಕ್ ಮುಂದೆ ಯಾವತ್ತೂ ಚಿಕ್ಕದೇ, 2021ರ ಕೊನೆಗೆ ದಿನಕ್ಕೆ 21.7 ಕೋಟಿ ಜನ ಬರ್ತಿದ್ರು. ಆದ್ರೆ ಆ ಜನರಲ್ಲಿ ಪತ್ರಕರ್ತರು, ಮಂತ್ರಿಗಳು, ಷೇರು ವ್ಯಾಪಾರದೋರು, ನಿಮ್ಮಂಥ ಅಧಿಕಾರಿಗಳು ಎಲ್ಲ ಇದ್ರು, ಅಲ್ಲಿ ಬೆಳಿಗ್ಗೆ ಹಚ್ಚಿದ ಬೆಂಕಿ ಸಂಜೆ ಟೀವಿಲಿ ಉರೀತಿತ್ತು. ಟೆಸ್ಲಾ ಕಂಪನಿ ವರ್ಷಗಟ್ಟಲೆ ಜಾಹೀರಾತಿಗೆ ದುಡ್ಡೇ ಹಾಕ್ಲಿಲ್ಲ ಅನ್ನಬಹುದು, 2020ರಲ್ಲಿ ಪತ್ರಕರ್ತರ ಜೊತೆ ಮಾತಾಡೋ ಪಿಆರ್ ವಿಭಾಗನೂ ಹೆಚ್ಚುಕಮ್ಮಿ ಮುಚ್ಚಿಬಿಟ್ರು, ಎಲ್ಲ ಕೆಲಸ ಮಸ್ಕ್ ಅವರ ಒಂದೇ ಅಕೌಂಟಿಂದ ನಡೀತಿತ್ತು, ಖರೀದಿ ಟೈಮಿಗೆ ಆ ಅಕೌಂಟಿಗೆ 8 ಕೋಟಿಗೂ ಮೇಲೆ ಫಾಲೋವರ್ಸ್. ಆ ಅಕೌಂಟ್ ಒಬ್ಬ ಬಾಡಿಗೆದಾರ. ಬಾಡಿಗೆ ಮನೆಗೆ ಅಷ್ಟು ದೊಡ್ಡ ಸಾಮ್ರಾಜ್ಯ ಒರಗಿ ನಿಂತಿರುವಾಗ ಮಾಲೀಕ ಯಾವತ್ತಾದ್ರೂ ಖಾಲಿ ಮಾಡು ಅಂದ್ರೆ? 2021ರಲ್ಲಿ ಅಮೆರಿಕದ ಅಧ್ಯಕ್ಷರನ್ನೇ ಖಾಲಿ ಮಾಡಿಸಿದ ಮಾಲೀಕರು ಅವ್ರು.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಿಬಿಡ್ಬೇಕು, ಇಲ್ಲಾಂದ್ರೆ ನಾನು ಹಳೇ ಆಡಳಿತದ ಭಕ್ತ ಅನ್ಕೋತೀರ. ಹಳೇ ಟ್ವಿಟರ್ ಏನು ಗಂಗೆಯಲ್ಲಿ ಮಿಂದು ಬಂದಿರ್ಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಚುನಾವಣೆಗೆ ಮುಂಚೆ ನ್ಯೂಯಾರ್ಕ್ ಪೋಸ್ಟ್ ಪತ್ರಿಕೆಯ ಒಂದು ವರದಿಯ ಲಿಂಕನ್ನೇ ಯಾರೂ ಹಂಚದ ಹಾಗೆ ಮಾಡಿದ್ರು, ಆಮೇಲೆ ಅದು ತಪ್ಪು ಅಂತ ಅವಾಗಿನ ಸಿಇಒ ಜ್ಯಾಕ್ ಡಾರ್ಸಿ ಅವರೇ ಒಪ್ಕೊಂಡ್ರು. ಅವಾಗ ರೇಗಿದೋರ ರೇಗಾಟಕ್ಕೆ ಅರ್ಥ ಇತ್ತು. ಸುಳ್ಳು ಪೋಸ್ಟ್ ಕೆಳಗೆ ಓದುಗರೇ ಟಿಪ್ಪಣಿ ಹಾಕೋ ವ್ಯವಸ್ಥೆನ ಹಳೇ ಕಾಲದಲ್ಲೇ ಶುರು ಮಾಡಿದ್ರು, ಅದನ್ನ ಹೊಸ ಯಜಮಾನ್ರು ಬೆಳೆಸಿದ್ರು, ಒಳ್ಳೇದೇ. ನನ್ನ ತಕರಾರು ಯಜಮಾನ ಕೆಟ್ಟೋನಾ ಒಳ್ಳೆಯೋನಾ ಅನ್ನೋದಲ್ಲ. ಖರೀದಿ ಆದ್ಮೇಲೆ ಯಜಮಾನ ಒಬ್ಬನೇ, ಮೇಲೆ ಬೋರ್ಡ್ ಇರ್ಲಿಲ್ಲ, ಷೇರುಪೇಟೆಗೆ ಲೆಕ್ಕ ಕೊಡೋ ಹಂಗಿರ್ಲಿಲ್ಲ, ಅರಳಿಕಟ್ಟೆ ಅರಳಿಕಟ್ಟೆ ಅಂತ ಕರ್ಕೊಂಡು ಬಂದು ನೋಡಿದ್ರೆ ಕಟ್ಟೆಗೆ ಕಾಂಪೌಂಡ್ ಎದ್ದಿದೆ, ಗೇಟಿನ ಕೀ ಒಬ್ರ ಜೇಬಲ್ಲಿದೆ. ಕೀ ಇದ್ದೋರು ಏನು ಮಾಡ್ತಾರೆ ಅನ್ನೋದಕ್ಕೆ 2022ರ ಡಿಸೆಂಬರ್ ನೋಡಿ. ತಮ್ಮ ವಿಮಾನ ಎಲ್ಲಿ ಹಾರ್ತಿದೆ ಅಂತ ಸಾರ್ವಜನಿಕ ಮಾಹಿತಿಯಿಂದಲೇ ಹಾಕ್ತಿದ್ದ ಅಕೌಂಟ್ ಬಂದ್, ಅದರ ಬಗ್ಗೆ ಬರೆದ ಕೆಲವು ಪತ್ರಕರ್ತರ ಅಕೌಂಟೂ ಬಂದ್. ಆ ವಿಮಾನದ ಅಕೌಂಟನ್ನ ಮುಟ್ಟಲ್ಲ, ವಾಕ್ ಸ್ವಾತಂತ್ರ್ಯ ಅಂದ್ರೆ ಅದೇ ಅಂತ ಒಂದು ತಿಂಗಳ ಹಿಂದೆ ಅವರೇ ಹೇಳಿದ್ರು.

ಪತ್ರಿಕೆ ಕೊಂಡ ಸಾಹುಕಾರರು ಹಿಂದೆನೂ ಇದ್ರಲ್ಲ, ಇದರಲ್ಲಿ ಹೊಸದೇನು ಅಂತ ನೀವು ಕೇಳಬಹುದು. ಇದ್ರು. ಬ್ರಿಟನ್ನಿನ ಡೈಲಿ ಎಕ್ಸ್‌ಪ್ರೆಸ್ ಒಡೆಯ ಲಾರ್ಡ್ ಬೀವರ್‌ಬ್ರೂಕ್ ಅಂತೂ 1947ರಲ್ಲಿ ಕೂತ ಪತ್ರಿಕಾ ಆಯೋಗದ ಮುಂದೆ, ನಾನು ಪೇಪರ್ ನಡೆಸೋದೇ ಪ್ರಚಾರಕ್ಕೆ ಅಂತ ಮುಚ್ಚುಮರೆ ಇಲ್ದೆ ಹೇಳಿದ್ರು. ನನಗೆ ಆ ಮನುಷ್ಯನ ಮೇಲೆ ಗೌರವ, ಕೇಳಿದ್ದಕ್ಕೆ ಉತ್ತರ ಕೊಟ್ರು. ಮತ್ತೆ ಗಮನಿಸಿ, ಅಲ್ಲಿ ಕೇಳೋಕೆ ಒಂದು ಆಯೋಗ ಅಂತ ಇತ್ತು. ಜೆಫ್ ಬೆಜೋಸ್ 2013ರಲ್ಲಿ 25 ಕೋಟಿ ಡಾಲರ್ ಕೊಟ್ಟು ವಾಷಿಂಗ್ಟನ್ ಪೋಸ್ಟ್ ತಗೊಂಡ್ರು. 2024ರ ಅಕ್ಟೋಬರ್‌ನಲ್ಲಿ, ಸಂಪಾದಕೀಯದಲ್ಲಿ ಯಾವ ಅಭ್ಯರ್ಥಿಗೂ ಬೆಂಬಲ ಬೇಡ ಅಂತ ತಡೆದ್ರು. ಏನಾಯ್ತು? ಓದುಗರಿಗೆ ಅದು ಕಣ್ಣಿಗೆ ಕಾಣಿಸ್ತು. ಸುಮಾರು ಎರಡೂವರೆ ಲಕ್ಷ ಜನ ಚಂದಾ ರದ್ದು ಮಾಡಿದ್ರು. ಸರಿನೋ ತಪ್ಪೋ, ಯಜಮಾನ ಕೈ ಹಾಕಿದ್ದು ಎಲ್ರಿಗೂ ಗೊತ್ತಾಯ್ತು.

ಫೀಡ್‌ನಲ್ಲಿ ಅದು ಕಾಣಲ್ಲ ಸ್ವಾಮಿ, ಫೀಡ್ ಅಂದ್ರೆ ಸೋಶಿಯಲ್ ಮೀಡಿಯಾ ತೆಗೆದ್ರೆ ಸಾಲಾಗಿ ಬರೋ ಪೋಸ್ಟುಗಳು. ಪೇಪರ್ ಮುಖಪುಟದಲ್ಲಿ ಏನು ಹಾಕಿದ್ರು ಅಂತ ನಾನೂ ನೀವೂ ಇಬ್ರೂ ಒಂದೇ ಪುಟ ನೋಡಿ ಜಗಳ ಆಡಬಹುದು, ಫೀಡ್‌ನಲ್ಲಿ ನನ್ನ ಮುಖಪುಟವೇ ಬೇರೆ ನಿಮ್ಮದೇ ಬೇರೆ, ಯಾವುದು ಮೇಲೆ ಬಂತು ಅಂತ ಗೊತ್ತಾಗುತ್ತೆ, ಯಾವುದು ಕೆಳಗೆ ಮುಳುಗಿತು ಅಂತ ಗೊತ್ತಾಗೋದೇ ಇಲ್ಲ. 2023ರ ಫೆಬ್ರವರಿಯಲ್ಲಿ ಒಂದು ಫುಟ್‌ಬಾಲ್ ಫೈನಲ್ ದಿನ ಅಮೆರಿಕದ ಅಧ್ಯಕ್ಷರ ಟ್ವೀಟಿಗೆ ತಮ್ಮ ಟ್ವೀಟಿಗಿಂತ ಜಾಸ್ತಿ ಜನ ಬಂದ್ರು ಅಂತ ಮಸ್ಕ್ ಸಾಹೇಬ್ರಿಗೆ ಕೋಪ ಬಂದು, ರಾತ್ರೋರಾತ್ರಿ ಎಂಜಿನಿಯರುಗಳನ್ನ ಎಬ್ಬಿಸಿ, ತಮ್ಮ ಪೋಸ್ಟುಗಳಿಗೆ ಸಾವಿರ ಪಟ್ಟು ತೂಕ ಕೊಟ್ರು ಅಂತ ಪತ್ರಕರ್ತರು ವರದಿ ಮಾಡಿದ್ರು. ಅದೂ ಒಳಗಿನೋರು ಬಾಯಿಬಿಟ್ಟಿದ್ದಕ್ಕೆ. ಮುಂದಿನ ತಿಂಗಳು, ಮಾರ್ಚ್ 31ಕ್ಕೆ, ನೋಡಿ ನಾವು ಎಷ್ಟು ಪಾರದರ್ಶಕ ಅಂತ, ಯಾರಿಗೆ ಯಾವ ಪೋಸ್ಟ್ ತೋರಿಸಬೇಕು ಅಂತ ನಿರ್ಧರಿಸೋ ಶಿಫಾರಸು ಕೋಡ್‌ನ ಒಂದು ಭಾಗ ಎಲ್ರಿಗೂ ತೆರೆದಿಟ್ರು. ಅದನ್ನ ಓದಿದೋರಿಗೆ ಸಿಕ್ಕಿದ್ದೇನು ಅಂದ್ರೆ, ಬರೆದೋನು ಡೆಮಾಕ್ರಾಟಾ, ರಿಪಬ್ಲಿಕನ್ನಾ ಅಂತ ಗುರುತು ಹಾಕೋ ಸಾಲುಗಳ ಪಕ್ಕದಲ್ಲೇ, ಬರೆದೋನು ಎಲಾನ್‌ನಾ ಅಂತ ಕೇಳೋ ಒಂದು ಸಾಲು. ಅದು ಬರೀ ಅಂಕಿಅಂಶ ಲೆಕ್ಕ ಹಾಕೋಕೆ ಇಟ್ಟಿದ್ದು ಅಂತ ಎಂಜಿನಿಯರುಗಳು ಅಂದ್ರು, ನನಗೇ ಗೊತ್ತಿರ್ಲಿಲ್ಲ ಅಂತ ಯಜಮಾನ್ರು ಅಂದ್ರು, ಸಾಲು ಅಳಿಸಿ ಹೋಯ್ತು. ಲೆಕ್ಕಕ್ಕೇ ಇರಬಹುದು, ನಾನು ಇಲ್ಲ ಅನ್ನಲ್ಲ. ಆದ್ರೆ ತೋರಿಸಿದ್ದಕ್ಕೆ ತಾನೇ ಸಿಕ್ಕಿದ್ದು. ತೋರಿಸದೇ ಇರೋ ಕೋಡಲ್ಲಿ ಏನೇನಿದೆ ಅಂತ ನಿಮಗೆ ಗೊತ್ತಾ?

ನನ್ನದೇ ಒಂದು ಸಣ್ಣ ಅನುಭವ ಹೇಳ್ತೀನಿ, ಆ ಆ್ಯಪ್ ಹೆಸರು ಬೇಡ, ನೀವು ಅನ್ಕೊಂಡಿರೋದು ಅದಲ್ಲ. ವರ್ಷಗಟ್ಟಲೆ ಬರೀತಿದ್ದೆ, ಓದೋ ಒಂದಿಷ್ಟು ಜನ ಇದ್ರು, ದಿನಾ ಕಾಮೆಂಟಲ್ಲಿ ಜಗಳ ಆಡೋ ಇಬ್ರು ಹಿರಿಯರಿದ್ರು. ಮಾಲೀಕರು ಬದಲಾದ್ರು ಅಂತ ಸುದ್ದಿ ಓದಿದ್ದೆ, ನಮಗೇನು ಅಂತ ಸುಮ್ನಿದ್ದೆ. ಒಂದು ದಿನ ಆ್ಯಪ್ ತೆಗೆದ್ರೆ ಉದ್ದದ್ದೊಂದು ನಿಯಮಾವಳಿ, ಕೆಳಗೆ ಒಪ್ಪುತ್ತೇನೆ ಅಂತ ನೀಲಿ ಬಟನ್, ಒಪ್ಪಲ್ಲ ಅನ್ನೋ ಬಟನ್ನೇ ಇಲ್ಲ. ಒತ್ತಿದೆ. ಅದಾದ್ಮೇಲೆ ನಿಧಾನಕ್ಕೆ ಓದೋರು ಕಮ್ಮಿ ಆದ್ರು, ನಾನೇ ಕೆಟ್ಟದಾಗಿ ಬರೀತಿದ್ದೀನೇನೋ ಅಂತ ಎರಡು ತಿಂಗಳು ಕೊರಗಿದ್ದೆ. ಆಮೇಲೆ ಆ ಜಗಳದ ಹಿರಿಯರಲ್ಲಿ ಒಬ್ರು ಸಿಕ್ಕಿ, ಯಾಕಪ್ಪಾ ಬರೆಯೋದೇ ನಿಲ್ಲಿಸಿಬಿಟ್ಯಾ ಅಂದ್ರು. ದಿನಾ ಬರೀತಿದ್ದೆ ನಾನು! ಅವರಿಗೆ ತೋರಿಸ್ತಿರ್ಲಿಲ್ಲ ಅಷ್ಟೇ. ನನ್ನನ್ನ ಯಾರೂ ಬ್ಯಾನ್ ಮಾಡ್ಲಿಲ್ಲ, ಬಾಯಿ ಮುಚ್ಚಿಸ್ಲಿಲ್ಲ, ಯಾರ ಮೇಲೆ ದೂರು ಕೊಡೋದು?

ಸರಿ, ನಿಮ್ಮ ಫೈಲಿಗೆ ಬರ್ತೀನಿ. ಟ್ವಿಟರ್ ಖರೀದಿ ಅಮೆರಿಕದ ಸ್ಪರ್ಧಾ ಕಾನೂನಿನ ಪರೀಕ್ಷೆಯನ್ನ 2022ರ ಜೂನ್ ಶುರುವಿನಲ್ಲೇ ದಾಟಿಬಿಡ್ತು, ಕಾಯೋ ಅವಧಿ ತನ್ನಷ್ಟಕ್ಕೆ ಮುಗೀತು. ತಪ್ಪು ಅಂತ ಹೇಳೋ ಹಾಗೂ ಇಲ್ಲ, ಕಾನೂನು ನೋಡೋದು ಒಂದೇ ಧಂದೆಯ ಇಬ್ರು ಸೇರಿ ಗಿರಾಕಿನ ಸುಲಿಗೆ ಮಾಡ್ತಾರಾ ಅಂತ, ಇವ್ರದ್ದು ಕಾರು ರಾಕೆಟ್, ಅವ್ರದ್ದು ಟ್ವೀಟು, ಎಲ್ಲಿಯ ಸ್ಪರ್ಧೆ. ಈಗ ಇನ್ನೊಂದು ತೂಕ ನೋಡಿ. ಪತ್ರಿಕೆಗಳ ಸಾಹುಕಾರ ರೂಪರ್ಟ್ ಮರ್ಡೋಕ್ 1985ರಲ್ಲಿ ಅಮೆರಿಕದ ಟೀವಿ ಸ್ಟೇಷನ್ ಕೊಳ್ಳೋಕೆ ಹೋದಾಗ ವಿದೇಶಿಯರಿಗೆ ಲೈಸೆನ್ಸ್ ಇಲ್ಲ ಅನ್ನೋ ಕಾನೂನು ಅಡ್ಡ ಬಂತು, ಆಸ್ಟ್ರೇಲಿಯಾ ಪೌರತ್ವ ಬಿಟ್ಟು ಅಮೆರಿಕದ ಪ್ರಜೆನೇ ಆಗ್ಬೇಕಾಯ್ತು. ಒಂದಿಷ್ಟು ಟೀವಿ ಚಾನೆಲ್ಲಿಗೆ ಇಷ್ಟು ಕಟ್ಟುಪಾಡು. ಜಗತ್ತಿನ ಮಾತೆಲ್ಲ ಹರಿಯೋ ಕಂಪನಿ ಖರೀದಿಯಲ್ಲಿ ಸೌದಿಯ ರಾಜಕುಮಾರ ಅಲ್‌ವಲೀದ್ ಬಿನ್ ತಲಾಲ್ ತಮ್ಮ ಷೇರು ಉಳಿಸ್ಕೊಂಡು ಜೊತೆಗೆ ಬಂದ್ರು, ಕತಾರ್ ಸರ್ಕಾರದ ಹೂಡಿಕೆ ಸಂಸ್ಥೆ 37.5 ಕೋಟಿ ಡಾಲರ್ ಹಾಕ್ತು, ಬೈನಾನ್ಸ್ ಅನ್ನೋ ಕ್ರಿಪ್ಟೋ ಕಂಪನಿ 50 ಕೋಟಿ ಡಾಲರ್ ಹಾಕ್ತು. ಮಾಲೀಕರ ಪೂರ್ತಿ ಪಟ್ಟಿ ಸಾರ್ವಜನಿಕರಿಗೆ ಸಿಕ್ಕಿದ್ದು 2024ರ ಆಗಸ್ಟ್‌ನಲ್ಲಿ, ಅದೂ ಕೋರ್ಟ್ ಆದೇಶದ ಮೇಲೆ. ಅದೇ 2024ರಲ್ಲಿ ಟಿಕ್‌ಟಾಕ್ ಮೇಲೆ ಕಾನೂನು ಮಾಡಿದ್ರು, ಚೀನಾ ಕಂಪನಿ ಮಾರ್ಲೇಬೇಕು, ಇಲ್ಲಾಂದ್ರೆ ಬಂದ್ ಅಂತ. ಅಲ್ಲೂ ಕೇಳಿದ್ದು ಒಡೆಯ ಯಾವ ದೇಶದೋನು ಅಂತ. ಕೊಳ್ಳೋಕೆ ಬರೋನಿಗೆ ಯಾಕೆ ಬೇಕು ಅನ್ನೋದು ಅಲ್ಲೂ ಇಲ್ಲ.

ಈಗ ನೀವು ಹೇಳ್ತೀರ, ಯಾಕೆ ಅಂತ ಕೇಳಿದ್ರೆ ನಿಜ ಹೇಳ್ತಾರಾ ಅಂತ. ಹೇಳಲ್ಲ. ಅಷ್ಟೇ ಅಲ್ಲ, ಹೇಳ್ಬೇಕು ಅಂದ್ರೂ ಅವರಿಗೇ ಗೊತ್ತಿರಲ್ಲ. ಇದನ್ನ ಕಂಡ್ಕೊಳ್ಳೋಕೆ ನನಗೂ ಟೈಮ್ ಹಿಡೀತು. ಚಾಟ್‌ಜಿಪಿಟಿ ಬಂದಿದ್ದು 2022ರ ನವೆಂಬರ್ 30ಕ್ಕೆ, ಖರೀದಿ ಆಗಿ ಒಂದು ತಿಂಗಳ ಮೇಲೆ. ಮಸ್ಕ್ ಅವರ ಎಕ್ಸ್‌ಎಐ ಅನ್ನೋ ಎಐ ಕಂಪನಿ ಹುಟ್ಟಿದ್ದು 2023ರಲ್ಲಿ. ಕೊಳ್ಳುವಾಗ ಜನರ ಮಾತನ್ನೆಲ್ಲ ಎಐಗೆ ಮೇವು ಮಾಡೋ ಆಲೋಚನೆ ಎಷ್ಟಿತ್ತೋ, ಆಮೇಲೆ ಅದೇ ದೊಡ್ಡ ಆಸ್ತಿ ಆಗಿ ಕೂತ್ಕೊಂತು, 2025ರ ಮಾರ್ಚ್‌ನಲ್ಲಿ ಎಕ್ಸ್‌ಎಐ ಕಂಪನಿನೇ ಎಕ್ಸ್ ಕಂಪನಿನ ಕೊಂಡ್ಕೊಂತು, ಸಾಲ ಕಳೆದು 3,300 ಕೋಟಿ ಡಾಲರ್ ಅಂತ ಬೆಲೆ ಕಟ್ಟಿದ್ರು. ಮಾರೋನೂ ಅವನೇ, ಕೊಳ್ಳೋನೂ ಅವನೇ, ರೇಟು ಹೇಳೋನೂ ಅವನೇ. ರಾಜಕೀಯನೂ ಹಂಗೇ. 2022ರಲ್ಲಿ ಟ್ವಿಟರ್ ರಾಜಕೀಯವಾಗಿ ಯಾವ ಕಡೆಗೂ ವಾಲಬಾರ್ದು ಅಂತಿದ್ದೋರು 2024ರ ಜುಲೈನಲ್ಲಿ ಟ್ರಂಪ್ ಅವರಿಗೆ ಬೆಂಬಲ ಘೋಷಿಸಿ, ಆ ಚುನಾವಣೆಗೆ 25 ಕೋಟಿ ಡಾಲರಿಗೂ ಮೇಲೆ ಸುರಿದು, ಸರ್ಕಾರದ ಖರ್ಚು ಕತ್ತರಿಸೋ ಕೆಲಸಕ್ಕೆ ಹೋಗಿ ಕೂತ್ರು. ಎರಡು ವರ್ಷ ಬ್ಯಾಂಕುಗಳ ಕುತ್ತಿಗೆಗೆ ಗಂಟುಬಿದ್ದಿದ್ದ ಆ ಟ್ವಿಟರ್ ಸಾಲ, 2025ರ ಶುರುವಿನಲ್ಲಿ ಹೆಚ್ಚುಕಮ್ಮಿ ಪೂರ್ತಿ ಬೆಲೆಗೆ ಮಾರಾಟ ಆಗೋಕೆ ಶುರುವಾಯ್ತು. ಟ್ವಿಟರ್ ಅದೇ ಟ್ವಿಟರ್, ಜಾಹೀರಾತು ಏನೂ ಉಕ್ಕಿ ಹರಿದಿರ್ಲಿಲ್ಲ.

ಅಂದ್ರೆ ಕಾರಣ ಮೊದಲು ಇರೋದು, ಆಮೇಲೆ ಖರೀದಿ, ಅನ್ನೋ ಕ್ರಮವೇ ಇಲ್ಲಿ ತಲೆಕೆಳಗು. ಮೊದಲು ಸಿಟ್ಟಿಗೋ ಚಟಕ್ಕೋ ಕೊಳ್ತಾರೆ, ಕಾರಣಗಳು ಒಂದೊಂದಾಗಿ ಆಮೇಲೆ ಹುಟ್ಟುತ್ವೆ, ಯಾಕಂದ್ರೆ ಕೈಗೆ ಸಿಕ್ಕಿರೋ ವಸ್ತು ಅಂಥದ್ದು. ಬರೀ ಲಾಭದ ಲೆಕ್ಕ ಹಾಕಿ ಕೊಂಡೋರು ಇದರಲ್ಲಿ ಕೈ ಸುಟ್ಕೊಂಡೂ ಇದ್ದಾರೆ, ಅದೇ ಮರ್ಡೋಕ್ ಅವರ ಕಂಪನಿ 2005ರಲ್ಲಿ 58 ಕೋಟಿ ಡಾಲರಿಗೆ ಮೈಸ್ಪೇಸ್ ಅನ್ನೋ ಸೋಶಿಯಲ್ ಮೀಡಿಯಾ ತಾಣ ತಗೊಂಡು 2011ರಲ್ಲಿ ಸುಮಾರು 3.5 ಕೋಟಿಗೆ ತಳ್ಳಿಬಿಡ್ತು. ಎಲ್ಲ ತಮಟೆನೂ ಬಾರಿಸೋನ ಕೈಲಿ ಸದ್ದು ಮಾಡಲ್ಲ, ಅದೂ ನಿಜ.

ಹಂಗಾಗಿ ನಾನು ಕೇಳ್ತಿರೋದು ಕೊಳ್ಳೋನ ಮನಸ್ಸು ಓದಿ ಅಂತಲ್ಲ. ಯಾಕೆ ಬೇಕು ಅಂತ ಕೇಳಿ, ಏನು ಬರೀತಾನೋ ಅದನ್ನ ಸಹಿ ಸಮೇತ ಎಲ್ರಿಗೂ ಕಾಣೋ ಹಾಗೆ ಇಡಿ, ನಾಳೆ ಕಾರಣ ಬದಲಾದ್ರೆ ಮತ್ತೆ ಬಂದು ಬರೆದುಕೊಡು ಅನ್ನಿ, ಇವತ್ತು ವಾಕ್ ಸ್ವಾತಂತ್ರ್ಯ ಅಂದೋನು ನಾಳೆ ಅದೇ ಮಾತುಗಳನ್ನ ತನ್ನದೇ ಇನ್ನೊಂದು ಕಂಪನಿಗೆ ಸಾಗಿಸಿದ್ರೆ ಅದು ಹೊಸ ವ್ಯವಹಾರ ತಾನೇ, ಹೊಸ ಫೈಲು ತೆಗೀರಿ. ಯಜಮಾನನ ಸ್ವಂತ ಅಕೌಂಟಿಗೆ ಬೇರೆಯೋರಿಗಿಲ್ಲದ ತೂಕ ಕೊಡೋ ಹಾಗಿಲ್ಲ, ಕೊಟ್ರೆ ಆ ಪೋಸ್ಟ್ ಮೇಲೆ ಜಾಹೀರಾತು ಅಂತ ಬರೀಲಿ, ಪೇಪರಲ್ಲಿ ದುಡ್ಡು ಕೊಟ್ಟು ಹಾಕಿಸಿದ್ದಕ್ಕೆ ಬರೆಯಲ್ವಾ ಹಾಗೆ. ಯಾವ ಥರದ ಪೋಸ್ಟ್ ಮೇಲೆ ಏಳುತ್ತೆ ಯಾವುದು ಮುಳುಗುತ್ತೆ ಅನ್ನೋ ನಿಯಮ ಬದಲಾದಾಗೆಲ್ಲ ತಾರೀಕು ಹಾಕಿ ಒಂದು ದಾಖಲೆ ಇರಲಿ, ಹೊರಗಿನ ಸಂಶೋಧಕರು ಹೋಗಿ ನೋಡೋ ಹಾಗಿರಲಿ. ಇದು ಆಗದ ಮಾತಲ್ಲ, ಯುರೋಪಿನ ಡಿಜಿಟಲ್ ಸೇವೆಗಳ ಕಾಯ್ದೆಯಲ್ಲಿ ಸಂಶೋಧಕರಿಗೆ ಮಾಹಿತಿ ಕೊಡ್ಬೇಕು ಅಂತ ಇದೆ, ಅದನ್ನ ಕೊಡ್ಲಿಲ್ಲ ಅನ್ನೋದೂ ಸೇರಿ 2025ರ ಡಿಸೆಂಬರ್‌ನಲ್ಲಿ ಎಕ್ಸ್ ಕಂಪನಿಗೆ 12 ಕೋಟಿ ಯೂರೋ ದಂಡ ಬಿತ್ತು. ದಂಡ ದೊಡ್ಡದಾ ಅಂದ್ರೆ ಅವರಿಗೆ ಅದು ಚಿಲ್ಲರೆ. ಆದ್ರೆ ದಾರಿ ಇದೆ ಅಂತ ಗೊತ್ತಾಯ್ತಲ್ಲ. ಕೊನೆಗೆ ನಮ್ಮಂಥೋರಿಗೆ ಒಂದು ಬೇಡಿಕೆ, ಮಾಲೀಕ ಬದಲಾದ ದಿನದಿಂದ ಆರು ತಿಂಗಳು, ಬರೆದಿದ್ದನ್ನೆಲ್ಲ ಮೂಟೆ ಕಟ್ಕೊಂಡು, ಓದೋರಿಗೆ ಹೊಸ ವಿಳಾಸ ತಿಳಿಸಿ ಬೇರೆ ಕಡೆ ಹೋಗೋಕೆ ಬಿಡ್ಬೇಕು. ಬೇರೆ ಜಾಲತಾಣದ ಲಿಂಕ್ ಹಾಕಿದ್ರೆ ಪೋಸ್ಟ್ ಮುಳುಗಿಸೋದು, ಅಕೌಂಟ್ ತಡೆಯೋದು ಎಲ್ಲ ಆ ಟೈಮಲ್ಲಿ ನಡೀಬಾರ್ದು. ಮನೆ ಮಾರಿದ ಓನರ್ ಬಾಡಿಗೆದಾರನಿಗೆ ಸಾಮಾನು ತಗೊಂಡು ಹೋಗೋಕೂ ಬಿಡಲ್ಲ ಅಂದ್ರೆ ಹೇಗೆ.

ಇದಕ್ಕೆ ಉತ್ತರ ಬರೀತೀರ ಅಂತ ಆಸೆ ಇದೆ. ಬರೆದ್ರೆ ದಯವಿಟ್ಟು ಅದನ್ನ ಬರೀ ನಿಮ್ಮ ಸೋಶಿಯಲ್ ಮೀಡಿಯಾ ಪೇಜಲ್ಲಿ ಹಾಕಿ ಸುಮ್ನಾಗಬೇಡಿ. ನಾನು ನಿಮ್ಮನ್ನ ಫಾಲೋ ಮಾಡ್ತಿದ್ದೀನಿ, ಆದ್ರೂ ನನಗೆ ಕಾಣುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಹಳೇ ಪದ್ಧತಿ ಪ್ರಕಾರ ಕಾಗದದಲ್ಲಿ ಪ್ರಿಂಟ್ ಹಾಕಿ, ಆಫೀಸ್ ನೋಟಿಸ್ ಬೋರ್ಡಿಗೆ ಅಂಟಿಸಿ, ಯಾರಾದ್ರೂ ಫೋಟೋ ತೆಗೆದು ಕಳಿಸ್ತಾರೆ.

ಇಂತಿ,
ಒಪ್ಪುತ್ತೇನೆ ಬಟನ್ ಒತ್ತಿದೋರಲ್ಲಿ ಒಬ್ಬ